ಹನ್ನೊಂದನೇ ಜಿಲ್ಲೆಯ ಹಸಿರು

ನಮ್ಮ ಆಫೀಸಿನಲ್ಲಿ ಜ್ವರಕ್ಕೆ ಹೆದರುವವರಿಗಿಂತ ಬಿಳಿ ಬಣ್ಣಕ್ಕೆ ಹೆದರುವವರೇ ಹೆಚ್ಚು. ಇದು ತಮಾಷೆಗೆ ಹೇಳುತ್ತಿರುವ ಮಾತಲ್ಲ. ನಾನು ಹತ್ತೊಂಬತ್ತು ವರ್ಷದಿಂದ ರಾಜ್ಯದ ಫ್ಲೂ ವಿಭಾಗದಲ್ಲಿ ಅಂಕಿಅಂಶದ ಮೇಜಿನಲ್ಲಿ ಕೂತಿದ್ದೇನೆ. ಈ ಹತ್ತೊಂಬತ್ತು ವರ್ಷದಲ್ಲಿ ಏಳು ನಿರ್ದೇಶಕರು ಬಂದು ಹೋದರು. ಏಳು ಜನರೂ ಸೇರಿ ಒಂದು ಶೇಕಡಾವಾರು ಲೆಕ್ಕ ಹಾಕಿದ್ದು ನಾನು ಕಂಡಿಲ್ಲ.

ನಮ್ಮ ಕೆಲಸ ಇಷ್ಟೇ. ರಾಜ್ಯದಲ್ಲಿ ಇಪ್ಪತ್ತೆರಡು ಜಿಲ್ಲೆ, ಜಿಲ್ಲೆಗೆ ನಾಲ್ಕು ಕಾವಲು ಕ್ಲಿನಿಕ್. ಆ ವಾರ ಎಷ್ಟು ಜನ ಜ್ವರ, ಕೆಮ್ಮು ಅಂತ ಬಂದರು ಎಂಬುದನ್ನು ಪ್ರತಿ ಕ್ಲಿನಿಕ್ಕೂ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಸರಾಸರಿ ಇಪ್ಪತ್ತರೊಳಗಿದ್ದರೆ ನಕ್ಷೆಯಲ್ಲಿ ಆ ಜಿಲ್ಲೆ ಹಸಿರು, ನಲವತ್ತರವರೆಗೆ ಹಳದಿ, ಅದರಾಚೆ ಕೆಂಪು. ಲೆಕ್ಕವೇ ಬರದಿದ್ದರೆ ಬಿಳಿ. ಮಂಗಳವಾರ ಬೆಳಿಗ್ಗೆ ಮೀಟಿಂಗಿನಲ್ಲಿ ನಕ್ಷೆ ತೋರಿಸುತ್ತಾರೆ. ಲಸಿಕೆ ಎಲ್ಲಿಗೆ ಹೋಗಬೇಕು, ಹೆಚ್ಚುವರಿ ಡಾಕ್ಟರು, ಔಷಧ, ಆಕ್ಸಿಜನ್ ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಬಣ್ಣ ನೋಡಿಯೇ ನಿರ್ಧರಿಸುತ್ತಾರೆ. ಬುಧವಾರ ವ್ಯಾನು ಹೊರಡುತ್ತದೆ.

ಈಗಿನ ನಿರ್ದೇಶಕರಿಗೆ ನಾನು ಇಟ್ಟ ಹೆಸರು ಇಸ್ತ್ರಿ ಸಾಹೇಬರು. ಅಂಗಿಯಲ್ಲಿ ಒಂದು ಸುಕ್ಕು ಇಲ್ಲ, ತಲೆಯೊಳಗೂ ಇರಲಿಕ್ಕಿಲ್ಲ. ಲಸಿಕೆ ಅಭಿಯಾನದ ಮೊದಲ ದಿನ ಫೋಟೋಗೆ ಅಂತ ತೋಳು ಮಡಚಿ ಕೂತರು. ಪತ್ರಿಕೆಯವರು ಇನ್ನೊಂದು ಸಲ, ಇನ್ನೊಂದು ಸಲ ಅಂತ ಆರು ಸಲ ಸೂಜಿ ಹಿಡಿಸಿದರು. ಚುಚ್ಚುವ ಹೊತ್ತಿಗೆ ಫೋಟೋ ಮುಗಿದಿತ್ತು, ಸಾಹೇಬರು ತೋಳು ಇಳಿಸಿ ಎದ್ದು ಹೋದರು. ಅವರ ಪಕ್ಕದಲ್ಲಿ ಯಾವಾಗಲೂ ಒಬ್ಬ ಕಂಪ್ಯೂಟರ್ ಆಪರೇಟರ್ ಇರುತ್ತಾನೆ. ಅವನನ್ನು ನಾವು ಹೌದಪ್ಪ ಅನ್ನುತ್ತೇವೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಸಾಹೇಬರು ಎತ್ತು ಈಯಿತು ಅನ್ನುವ ಮೊದಲೇ ಇವನು ಹಗ್ಗ ಹಿಡಿದು ನಿಂತಿರುತ್ತಾನೆ.

ಈ ಸಲದ ಜ್ವರದ ಕಾಲ ಶುರುವಾಗಿ ಮೂರನೇ ವಾರ ಮಂತ್ರಿಗಳು ಮೀಟಿಂಗಿಗೆ ಬಂದರು. ನಕ್ಷೆ ನೋಡಿ, "ಇದೇನ್ರೀ ಅಲ್ಲಲ್ಲಿ ಬಿಳಿ? ಬಣ್ಣ ಖಾಲಿ ಆಯ್ತಾ?" ಅಂತ ಕೇಳಿದರು. ಎಲ್ಲರೂ ನಕ್ಕರು. ಇಸ್ತ್ರಿ ಸಾಹೇಬರ ಹಣೆಯಲ್ಲಿ ಬೆವರು ಕಂಡಿದ್ದು ಅವತ್ತೇ. ಮೀಟಿಂಗ್ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದರು.

"ಮುಂದಿನ ವಾರದಿಂದ ನಕ್ಷೆ ಮೇಲೆ ಬಿಳಿ ಕಾಣಬಾರದು."

"ಕ್ಲಿನಿಕ್‌ನವರು ಲೆಕ್ಕ ಕಳಿಸ್ದೇ ಇದ್ರೆ ಏನ್ ಮಾಡೋದು ಸಾರ್?"

"ಅದು ನಿಮಗೆ ಬಿಟ್ಟಿದ್ದು. ನೀವೇ ತಾನೇ ಬುದ್ಧಿವಂತರು."

ಹತ್ತು ನಿಮಿಷದ ಕೆಲಸ. ಲೆಕ್ಕದ ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಯನ್ನೆಲ್ಲ ಸೊನ್ನೆ ಅಂತ ಓದುವ ಹಾಗೆ ಒಂದು ಸೂತ್ರ ಬರೆದೆ. ಸೊನ್ನೆ ಅಂದರೆ ಹಸಿರು. ನಕ್ಷೆ ತೋಟದ ಹಾಗೆ ನಳನಳಿಸಿತು. ಇದು ತಪ್ಪು ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಡೀ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೆ ವಾರಗಟ್ಟಲೆ ಲೆಕ್ಕ ಕಳಿಸದೆ ಮಲಗುವ ಆ ಜಿಲ್ಲೆಗಳವರ ಮೇಲೆ ನನಗೆ ಎಂಥ ತಾತ್ಸಾರ ಅಂದರೆ, ಸೊನ್ನೆಗಳಿಗೆ ಸೊನ್ನೆ ಸಿಕ್ಕಿತು ಬಿಡು ಅನಿಸಿತು. ಒಂದು ಸಾಲಿನ ಆಕ್ಷೇಪಣೆಯನ್ನೂ ಬರೆದಿಡಲಿಲ್ಲ. ಕೆಟ್ಟ ಸೂತ್ರವನ್ನು ಇಷ್ಟು ಅಚ್ಚುಕಟ್ಟಾಗಿ ಬರೆಯಲು ಇನ್ಯಾರಿಗೂ ಬರುವುದಿಲ್ಲ ಅಂತ ಒಳಗೊಳಗೇ ಬೀಗಿದೆ ಕೂಡ.

ಬೈದವಳು ಒಬ್ಬಳೇ, ನನ್ನ ತಂಗಿ.

ತಂಗಿ ಹನ್ನೊಂದನೇ ಜಿಲ್ಲೆಯ ಒಂದು ಕಾವಲು ಕ್ಲಿನಿಕ್ಕಿನಲ್ಲಿ ನರ್ಸು. ನನಗಿಂತ ಹತ್ತು ವರ್ಷ ಚಿಕ್ಕವಳು. ಅಮ್ಮ ಬೇಗ ಹೋದ್ದರಿಂದ ಅವಳ ತಲೆ ಬಾಚಿದ್ದು, ಸ್ಕೂಲಿಗೆ ಸೇರಿಸಿದ್ದು, ಹೊಡೆದಿದ್ದು ಎಲ್ಲ ನಾನೇ. ಗಣಿತ ಓದು ಅಂದರೆ ಕೇಳದೆ ನರ್ಸಿಂಗಿಗೆ ಹೋದಳು. ಜನರ ಮೂಗಿಗೆ ಕಡ್ಡಿ ಹಾಕೋ ಕೆಲಸ ಅಂತ ನಾನು ಹೀಯಾಳಿಸುತ್ತಿದ್ದೆ. "ನಾನು ಕಡ್ಡಿ ಹಾಕದೇ ಇದ್ರೆ ನೀನು ಯಾವುದನ್ನ ಕೂಡಿಸ್ತೀಯಕ್ಕ?" ಅನ್ನುತ್ತಿದ್ದಳು. ಕ್ಲಿನಿಕ್ಕಿನ ಹಿಂದೆಯೇ ಒಂದು ಕೋಣೆಯ ಕ್ವಾರ್ಟರ್ಸು, ಒಬ್ಬಳೇ. ಹನ್ನೊಂದನೇ ಜಿಲ್ಲೆಯ ನಾಲ್ಕು ಕ್ಲಿನಿಕ್ಕುಗಳಲ್ಲಿ ಲೆಕ್ಕ ಕಳಿಸುತ್ತಿದ್ದದ್ದು ಇವಳದ್ದೊಂದೇ. ಒಂದರಲ್ಲಿ ಡಾಕ್ಟರಿಲ್ಲ, ಒಂದರಲ್ಲಿ ಕಂಪ್ಯೂಟರಿಲ್ಲ, ಇನ್ನೊಂದರಲ್ಲಿ ಎರಡೂ ಇದ್ದು ಮನಸ್ಸಿಲ್ಲ. ಇವಳ ಲೆಕ್ಕ ಮಾತ್ರ ಸೋಮವಾರ ಹನ್ನೊಂದು ಮುಕ್ಕಾಲಿಗೆ ಬಂದೇ ಬರುತ್ತಿತ್ತು. ಬಂದ ಕೂಡಲೇ ಫೋನೂ ಬರುತ್ತಿತ್ತು.

ನಾಲ್ಕನೇ ವಾರ ಅವಳು ಅರವತ್ತು ಅಂತ ಕಳಿಸಿದಳು. ಮೊದಲಿನ ಹಾಗಿದ್ದರೆ ಕಳಿಸಿದವರದ್ದಷ್ಟೇ ಸರಾಸರಿ, ಅಂದರೆ ಅರವತ್ತು, ಜಿಲ್ಲೆ ಕೆಂಪು. ಈಗ ಮೂರು ಸೊನ್ನೆ ಸೇರಿಸಿ ನಾಲ್ಕರಿಂದ ಭಾಗಿಸಿದರೆ ಹದಿನೈದು. ಹಸಿರು. ಲಸಿಕೆಯ ಮೊದಲ ಕಂತು ಕೆಂಪು ಜಿಲ್ಲೆಗಳಿಗೆ ಹೋಯಿತು, ಹನ್ನೊಂದಕ್ಕೆ ಒಂದು ಡೋಸೂ ಇಲ್ಲ. ಕ್ಲಿನಿಕ್ಕಿನವರಿಗೂ ಇಲ್ಲ.

ಆರನೇ ವಾರ ತೊಂಬತ್ತಾರು. ಭಾಗಿಸಿ ಇಪ್ಪತ್ತನಾಲ್ಕು. ಹಳದಿ. ಆ ವಾರದ ವ್ಯಾನು ಕೆಂಪು ಜಿಲ್ಲೆಗಳಿಗೇ ಸರಿಹೋಯಿತು, ಅಂತೂ ಮುಂದಿನ ಬುಧವಾರದ ಪಟ್ಟಿಗೆ ಹನ್ನೊಂದು ಸೇರಿತು: ಮೂರು ಸಾವಿರ ಡೋಸ್, ಇಬ್ಬರು ಹೆಚ್ಚುವರಿ ಡಾಕ್ಟರು, ಆಕ್ಸಿಜನ್ ಇರುವ ಒಂದು ಆಂಬುಲೆನ್ಸು. ಅದರ ಹಿಂದಿನ ದಿನ, ಮಂಗಳವಾರದ ನಕ್ಷೆಯಲ್ಲಿ ಬಣ್ಣ ಇಳಿಯದಿದ್ದರೆ ಸರಿ. ಖುಷಿ ಪಡುತ್ತಾಳೆ ಅಂತ ನಾನೇ ಫೋನ್ ಮಾಡಿ ಹೇಳಿದೆ. ಅವಳು ಉರಿದುಬಿದ್ದಳು.

"ತೊಂಬತ್ತಾರು ಜನರನ್ನ ನಾನು ಕೈಯಾರೆ ನೋಡಿದ್ದೀನಕ್ಕ. ನೀನು ಇಪ್ಪತ್ತನಾಲ್ಕು ಮಾಡಿದೀಯಲ್ಲ, ಮಿಕ್ಕ ಎಪ್ಪತ್ತೆರಡು ಜನ ಎಲ್ಲಿ ಹೋದ್ರು?"

"ನಿನ್ನ ಅಕ್ಕಪಕ್ಕದ ಮೂರು ಕ್ಲಿನಿಕ್ ಸತ್ತಿದ್ರೆ ನಾನೇನು ಮಾಡ್ಲಿ?"

"ಕಳಿಸ್ದೇ ಇರೋದೂ ಕಾಯಿಲೆ ಇಲ್ದೇ ಇರೋದೂ ಒಂದೇನಾ? ನಿಮ್ಮ ಸಾಹೇಬ್ರಿಗೆ ತಿಳಿಯಲ್ಲ, ಬಿಡು. ನಿನಗೂ ತಿಳಿಯಲ್ವಾ?"

"ಸೂಜಿ ಚುಚ್ಚೋಳು ನನಗೆ ಸರಾಸರಿ ಹೇಳ್ಕೊಡ್ಬೇಡ" ಅಂದೆ. ಅವಳು ಫೋನ್ ಇಟ್ಟಳು. ಇಡುವ ಮೊದಲು ಕೆಮ್ಮಿದಳು. ಕೆಮ್ಮಿದ್ದು ನನಗೆ ಕೇಳಿಸಿತು. ಜ್ವರದವರ ಮಧ್ಯೆ ಇರುವವಳು, ಕೆಮ್ಮುತ್ತಾಳೆ ಅಂದುಕೊಂಡೆ.

ಮುಂದಿನ ಸೋಮವಾರ ಹನ್ನೊಂದು ಮುಕ್ಕಾಲಾಯಿತು, ಹನ್ನೆರಡಾಯಿತು. ಹನ್ನೊಂದನೇ ಜಿಲ್ಲೆಯ ನಾಲ್ಕನೇ ಮನೆಯೂ ಖಾಲಿ. ಫೋನ್ ಮಾಡಿದೆ, ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮುನಿಸು! ಅಕ್ಕನ ಮೇಲಿನ ಸಿಟ್ಟಿಗೆ ಸರ್ಕಾರಿ ಲೆಕ್ಕವನ್ನೇ ತಡೆಹಿಡಿಯುವಷ್ಟು ಸೊಕ್ಕು! ಇರಲಿ, ಸೊನ್ನೆ ಬೀಳಲಿ, ಹಳದಿ ಹೋಗಿ ಹಸಿರಾಗಲಿ, ಆಮೇಲೆ ಅವಳೇ ಓಡಿಬಂದು ಅಕ್ಕಾ ತಪ್ಪಾಯ್ತು ಅನ್ನಲಿ. ಹೀಗೇ ಅಂದುಕೊಂಡೆ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಎರಡನೇ ಸಲ ಫೋನ್ ಮಾಡಲಿಲ್ಲ.

ಮಂಗಳವಾರದ ಮೀಟಿಂಗ್ ಒಂದು ನಾಟಕ. ಹನ್ನೊಂದನೇ ಜಿಲ್ಲೆಯ ಆರೋಗ್ಯಾಧಿಕಾರಿ ಪರದೆಯ ಮೇಲೆ ಬಂದಿದ್ದ. ಸದಾ ಈಗಷ್ಟೇ ಊಟ ಮುಗಿಸಿದವನ ಹಾಗೆ ಕಾಣುವ ಮನುಷ್ಯ. ಒಂದೇ ವಾರದಲ್ಲಿ ಇಪ್ಪತ್ತನಾಲ್ಕರಿಂದ ಸೊನ್ನೆಗೆ ಇಳಿಸಿದ್ದು ಹೇಗೆ ಅಂತ ಮಂತ್ರಿಗಳ ಕಡೆಯವರು ಕೇಳಿದರು. ತಾನೇನು ಇಳಿಸಿದ್ದೇನೆ ಅಂತ ಅವನಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ತಡವರಿಸಲಿಲ್ಲ.

"ಕೈ ತೊಳೆಯೋದ್ರ ಬಗ್ಗೆ ಮನೆಮನೆಗೆ ಹೋಗಿ ಜಾಗೃತಿ ಮೂಡಿಸಿದ್ವಿ ಸಾರ್" ಅಂದ.

ಚಪ್ಪಾಳೆ ಬಿತ್ತು. ಇಸ್ತ್ರಿ ಸಾಹೇಬರು ಮಾತ್ರ ಯಾಕೋ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಹನ್ನೊಂದು ಸರಿ ಇದೆ ತಾನೇ?"

ಆ ಪೆದ್ದ ಮನುಷ್ಯ ನಾಲ್ಕು ವರ್ಷದಲ್ಲಿ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಬಾಯಿ ಬಿಟ್ಟು ಹೇಳಬಹುದಿತ್ತು: ಲೆಕ್ಕ ಬಂದಿಲ್ಲ ಸಾರ್, ಆ ಸೊನ್ನೆ ನಾನು ಹಾಕಿದ್ದು. ಇಷ್ಟು ಹೇಳಿದ್ದರೆ ಪಟ್ಟಿಯಲ್ಲಿ ಹನ್ನೊಂದು ಉಳಿಯುತ್ತಿತ್ತು. "ಸೂತ್ರ ಸರಿಯಾಗಿದೆ ಸಾರ್" ಅಂದೆ. ಅವರು ತಲೆಯಾಡಿಸಿದರು. ಡೋಸು, ಡಾಕ್ಟರು, ಆಂಬುಲೆನ್ಸು ಮೂರೂ ಹತ್ತನೇ ಜಿಲ್ಲೆಗೆ ಹೋದವು.

ಬುಧವಾರ ಹನ್ನೊಂದು ಗಂಟೆಗೆ, ಸಿಟ್ಟು ಇಳಿದ ಮೇಲೆ, ಕ್ಲಿನಿಕ್ಕಿನ ನಂಬರಿಗೇ ಫೋನ್ ಮಾಡಿದೆ. ತುಂಬಾ ಹೊತ್ತಿನ ಮೇಲೆ ಅಲ್ಲಿನ ಆಯಾ ಎತ್ತಿದಳು. ಹಿಂದೆ ಕೆಮ್ಮು, ಮಕ್ಕಳ ಅಳು, ಬೆಂಚು ಎಳೆದ ಸದ್ದು.

"ಸಿಸ್ಟರ್‌ಗೆ ಕೊಡಿ" ಅಂದೆ.

"ಸಿಸ್ಟರ್ ಶನಿವಾರದಿಂದ ಎದ್ದಿಲ್ಲಮ್ಮ. ಡಾಕ್ಟ್ರೂ ಮಲಗಿದ್ದಾರೆ, ಔಷಧಿ ಕೊಡೋರೂ ಮಲಗಿದ್ದಾರೆ. ಗೇಟಿನ ತನಕ ಜನ ಕೂತಿದ್ದಾರೆ, ನಾನೊಬ್ಳೇ ಇರೋದು. ನೀವು ಯಾರು?"

"ಅವಳ ಅಕ್ಕ."

"ಓ, ದೊಡ್ಡಾಫೀಸಿನೋರಾ? ಇವತ್ತು ವ್ಯಾನು ಬರುತ್ತೆ, ಡಾಕ್ಟ್ರು ಬರ್ತಾರೆ, ಅಕ್ಕ ಹೇಳಿದ್ದಾಳೆ ಅಂತ ಸಿಸ್ಟರ್ ಹೇಳ್ತಾನೇ ಇದ್ರು. ಎಷ್ಟು ಹೊತ್ತಿಗೆ ಬರುತ್ತಮ್ಮ? ಅವ್ರಿಗೆ ಉಸಿರಾಡೋದೇ ಕಷ್ಟ ಆಗ್ತಿದೆ."

ಮುನಿಸಲ್ಲ, ಸೊಕ್ಕಲ್ಲ. ಲೆಕ್ಕ ಬರೆಯುವವರೆಲ್ಲ ಮಲಗಿದ್ದರಿಂದ ಲೆಕ್ಕ ಬಂದಿರಲಿಲ್ಲ. ಜ್ವರ ಇಲ್ಲದೆ ಸೊನ್ನೆಯಾಗಿದ್ದಲ್ಲ, ಜ್ವರ ಜಾಸ್ತಿಯಾಗಿ ಸೊನ್ನೆಯಾಗಿತ್ತು. ಇಷ್ಟು ಸರಳವಾದದ್ದು ಹತ್ತೊಂಬತ್ತು ವರ್ಷ ಅಂಕಿ ತಿಂದವಳಿಗೆ ಹೊಳೆಯಲಿಲ್ಲ, ನೆಲ ಒರೆಸುವವಳು ಹೇಳಬೇಕಾಯಿತು.

"ಎಷ್ಟು ಜನ ಇದ್ದಾರೆ, ಎಣಿಸಿ ಹೇಳಿ" ಅಂದೆ. ಅವಳು ಫೋನ್ ಕೆಳಗಿಟ್ಟು ಹೋದಳು. ಬಂದು ಹೇಳಿದಳು, "ಕೂತಿರೋರು ನೂರಾ ಹನ್ನೆರಡು, ವರಾಂಡದಲ್ಲಿ ಮಲಗಿರೋರು ಮೂವತ್ತೊಂದು. ಸಿಸ್ಟರ್‌ನ ಸೇರಿಸ್ಲಾ?"

"ಸೇರಿಸಿ" ಅಂದೆ. ನೂರಾ ನಲವತ್ತನಾಲ್ಕು. ನಾಲ್ಕರಿಂದ ಭಾಗಿಸಿದರೂ ಮೂವತ್ತಾರು, ಹಳದಿ. ಚೀಟಿಯಲ್ಲಿ ಬರೆದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ.

"ಇದು ಯಾರ ಲೆಕ್ಕ?"

"ಅಲ್ಲಿನ ಆಯಾದು ಸಾರ್."

"ಆಯಾ ಲೆಕ್ಕನಾ?" ಅಂದರು ಸಾಹೇಬರು. "ಆಯಾ ಲೆಕ್ಕಾನಾ!" ಅಂದ ಪಕ್ಕದಲ್ಲಿದ್ದ ಹೌದಪ್ಪ, ಇನ್ನೂ ಸ್ವಲ್ಪ ಗಟ್ಟಿಯಾಗಿ.

ಡಾಕ್ಟರದ್ದೋ ನರ್ಸಿನದ್ದೋ ಸಹಿ ಇಲ್ಲದೆ ಲೆಕ್ಕ ನಿಲ್ಲುವುದಿಲ್ಲ. ಇಲ್ಲವೇ ಜಿಲ್ಲಾ ಅಧಿಕಾರಿ ಒಪ್ಪಬೇಕು. ಅವನಿಗೆ ಫೋನ್ ಮಾಡಿದೆ. "ಮೇಡಂ, ನಿನ್ನೆ ತಾನೇ ಮಂತ್ರಿಗಳ ಕಡೆಯವರು ನಮಗೆ ಚಪ್ಪಾಳೆ ತಟ್ಟಿದ್ದಾರೆ. ಇವತ್ತು ನಾನೇ ಜ್ವರ ಇದೆ ಅಂತ ಬರೆದ್ರೆ ಮುಖ ಎಲ್ಲಿಟ್ಕೊಳ್ಲಿ? ಹಸಿರು ಕೊಟ್ಟಿದ್ದು ನೀವೇ ಅಲ್ವಾ?" ಅಂದ. ತಿರುಗಿ ಬೈಯಲು ಬಾಯಿ ತೆರೆದೆ. ಹಸಿರು ಕೊಟ್ಟವಳು ನಾನೇ ಹೌದು. ಫೋನ್ ಇಟ್ಟೆ.

ಕೊನೆಗೆ ಸಾಹೇಬರಿಗೇ ಕೈಮುಗಿದೆ. "ಅಲ್ಲಿರೋಳು ನನ್ನ ತಂಗಿ ಸಾರ್. ಹತ್ತನೇ ಜಿಲ್ಲೆಗೆ ಹೋದ ಆಂಬುಲೆನ್ಸ್ ಒಂದನ್ನಾದ್ರೂ ತಿರುಗಿಸಿ." ಅವರು ನಿಜಕ್ಕೂ ಕಳವಳಗೊಂಡರು. ಎದ್ದು ಕುರ್ಚಿ ಕೊಟ್ಟರು, ನೀರು ಕೊಟ್ಟರು. "ನಿಮ್ಮ ತಂಗಿ ಅಂತ ನಿನ್ನೆಯೇ ಹೇಳಬಾರದಾಗಿತ್ತಾ? ಹಸಿರು ಜಿಲ್ಲೆಗೆ ಆಂಬುಲೆನ್ಸ್ ಯಾಕೆ ಕಳಿಸಿದ್ರಿ ಅಂತ ನಾಳೆ ಕೇಳಿದ್ರೆ ನಾನೇನು ಹೇಳ್ಲಿ? ಮಂಗಳವಾರ ಸರಿಮಾಡೋಣ" ಅಂದರು. ತಂಗಿ ಅಂತ ಗೊತ್ತಿದ್ದವಳೇ ಸೊನ್ನೆ ಹಾಕಿದವಳು ಅಂತ ಅವರಿಗೆ ಹೇಗೆ ಹೇಳಲಿ?

ಬಾಡಿಗೆ ಕಾರು ಹಿಡಿದು ಹೊರಟೆ. ಹನ್ನೊಂದನೇ ಜಿಲ್ಲೆಗೆ ಒಂಬತ್ತು ಗಂಟೆ ದಾರಿ. ನಾನು ದಾರಿಯಲ್ಲಿರುವಾಗಲೇ ಆಯಾ ಯಾರದ್ದೋ ಗೂಡ್ಸ್ ಗಾಡಿ ನಿಲ್ಲಿಸಿ, ತಂಗಿಯನ್ನು ಹಿಂದೆ ಹಾಸಿಗೆ ಹಾಕಿ ಮಲಗಿಸಿ, ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರುಗಳಲ್ಲಿ ಅರ್ಧವನ್ನು, ಜಿಲ್ಲೆ ಹಸಿರಾಗಿದೆಯಲ್ಲ ಅಂತ, ಅದೇ ದಿನ ಬೆಳಿಗ್ಗೆ ಹತ್ತನೇ ಜಿಲ್ಲೆಗೆ ಸಾಗಿಸಿದ್ದರು. ಉಳಿದವು ಆಗಲೇ ಬೇರೆಯವರ ಮೂಗಿಗೆ ಸೇರಿದ್ದವು.

ಗುರುವಾರ ಬೆಳಿಗ್ಗೆ ಅವಳು ಹೋದಳು. ನಾನು ತಲುಪಿದಾಗ ಉಸಿರಿತ್ತು, ಮಾತಿರಲಿಲ್ಲ. ಕೈ ಹಿಡಿದುಕೊಂಡೆ. ಕೈ ಕೆಂಡದ ಹಾಗೆ ಸುಡುತ್ತಿತ್ತು. ಕಣ್ಣು ತೆರೆದು ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ನನ್ನ ಜೊತೆ ಇನ್ಯಾರೋ ಬಂದಿರಬೇಕು ಅಂತ ಹುಡುಕುತ್ತಿದ್ದಳು ಅಂತ ಕಾಣುತ್ತದೆ. ಯಾರೂ ಬಂದಿರಲಿಲ್ಲ.

ಸೋಮವಾರ ಆಫೀಸಿಗೆ ಹೋದೆ. ರಜೆ ಹಾಕಿ ಅಂತ ಎಲ್ಲರೂ ಹೇಳಿದರು. ನಾನು ಬರದಿದ್ದರೆ ನಕ್ಷೆಯನ್ನು ಹೌದಪ್ಪ ಮಾಡುತ್ತಾನೆ, ಅದನ್ನು ಸಹಿಸಲು ನನ್ನಿಂದಾಗಲಿಲ್ಲ. ಹನ್ನೆರಡು ಗಂಟೆ. ಹನ್ನೊಂದನೇ ಜಿಲ್ಲೆಯ ನಾಲ್ಕು ಮನೆಯೂ ಖಾಲಿ, ಅಲ್ಲಿಯ ಡಾಕ್ಟರು ಇನ್ನೂ ಎದ್ದಿರಲಿಲ್ಲ. ನಾಲ್ಕು ಸೊನ್ನೆ ತಾವಾಗಿಯೇ ಬಂದು ಕೂತವು. ಅಷ್ಟರಲ್ಲಿ ಜಿಲ್ಲಾ ಆಸ್ಪತ್ರೆಯಿಂದ ಸಾವಿನ ಫಾರ್ಮು ಬಂತು. ಹೆಣ್ಣು, ನಲವತ್ತೊಂದು, ಕಾವಲು ಕ್ಲಿನಿಕ್ ಸಿಬ್ಬಂದಿ, ಫ್ಲೂ ದೃಢ, ಲಸಿಕೆ ಆಗಿಲ್ಲ. ಸಾವಿನ ಮನೆಯಲ್ಲಿ ಒಂದು ಅಂತ ಒತ್ತಿದೆ.

ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. ರೋಗಿಗಳು ಸೊನ್ನೆ ಇರುವಾಗ ಸಾವು ನಮೂದಿಸಲಾಗದು, ದಯವಿಟ್ಟು ಸರಿಪಡಿಸಿ ಅಂತ ಕೆಂಪು ಅಕ್ಷರ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಮೂರನೇ ಸಲ ಕೀಲಿಮಣೆಗೆ ಗುದ್ದಿದೆ. ಸುತ್ತಲಿನವರು ತಿರುಗಿ ನೋಡಿ, ಪಾಪ ಅಂತ ಮುಖ ತಗ್ಗಿಸಿದರು. ಅವರ ಆ ಪಾಪ ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ರೋಗಿಗಳ ಮನೆಯಲ್ಲಿದ್ದ ಸೊನ್ನೆ ಅಳಿಸಿ ಒಂದು ಅಂತ ಬರೆದೆ. ತಂಗಿಯೇ ಆ ಒಂದು. ಸಾವೂ ಒಂದು. ಈಗ ತೆಗೆದುಕೊಂಡಿತು. ನಾಲ್ಕರಿಂದ ಭಾಗಿಸಿ ಸರಾಸರಿ ತೋರಿಸಿತು: ೦.೨೫. ಕಾಲು. ಜಿಲ್ಲೆ ಹಸಿರು.

ಇಸ್ತ್ರಿ ಸಾಹೇಬರು ಬಂದು ಹಿಂದೆ ನಿಂತಿದ್ದರು. ಭುಜದ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು, ನಟನೆಯಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ಕಂಡರೆ ಉಗುಳುವಷ್ಟು ಅಸಹ್ಯಪಟ್ಟಿದ್ದೆ. ಅವತ್ತು ಆ ಅಸಹ್ಯವನ್ನು ಹುಡುಕಿದರೂ ಸಿಗಲಿಲ್ಲ, ಅದೆಲ್ಲ ನನ್ನ ಮೇಲೆಯೇ ಖರ್ಚಾಗಿತ್ತು. ಅವರು ಪರದೆ ನೋಡಿದರು.

"ಇದೇನು, ಕಾಲು ಅಂತ ಇದೆ? ಮಂತ್ರಿಗಳಿಗೆ ದಶಮಾಂಶ ಅರ್ಥ ಆಗಲ್ಲ. ಪೂರ್ಣಾಂಕ ಮಾಡಿಬಿಡಿ."

ಕಾಲನ್ನು ಪೂರ್ಣಾಂಕ ಮಾಡಿದರೆ ಸೊನ್ನೆ.

"ನನ್ನ ಕೈಲಿ ಆಗಲ್ಲ ಸಾರ್" ಅಂದೆ.

ಅವರಿಗೆ ಬೇಸರವಾಗಲಿಲ್ಲ. ನೀವು ಮನೆಗೆ ಹೋಗಿ, ಸುಧಾರಿಸಿಕೊಳ್ಳಿ ಅಂತ ಮೆತ್ತಗೆ ಹೇಳಿ, ಹೌದಪ್ಪನನ್ನು ಕರೆದರು. ನಾನು ಕುರ್ಚಿ ಬಿಟ್ಟು ಎದ್ದೆ. ಅವನು ಕೂತ, ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದ. ಆ ಕೆಲಸವನ್ನು ಅವನಿಗೆ ಕಲಿಸಿದವಳು ನಾನೇ.